ಪ್ರಾಸ್ಪರಿನ ಬೀದಿಗೆ ನಾನು ಕರೆತಂದವರು

ಆ ಊರಿನ ಚರಿತ್ರೆಯ ಫಲಕವನ್ನು ನಾನು ಅಲ್ಲೇ ಓದಿದೆನೋ, ಅಥವಾ ಆಮೇಲೆ, ಮನೆಗೆ ಬಂದು ಫೋನಿನಲ್ಲಿ ಓದಿದ್ದೆನೋ ಏನೋ. ನೆನಪಿನಲ್ಲಂತೂ ಗೆಳೆಯನ ಹೆಂಡತಿ ಅದನ್ನು ಗಟ್ಟಿಯಾಗಿ ಓದುತ್ತಿದ್ದಾಳೆ, ನಾನು ಪಕ್ಕದಲ್ಲಿ ನಿಂತು ಬೆವರುತ್ತಿದ್ದೇನೆ. ಬೆವರು ನಿಜ. ಉಳಿದದ್ದಕ್ಕೆ ಖಾತ್ರಿ ಕೊಡಲಾರೆ.

ಆಸ್ಟಿನ್ ದಾಟಿ ದಕ್ಷಿಣಕ್ಕಿರುವ ಆ ಜರ್ಮನ್ ವಲಸಿಗರ ಊರಿಗೆ ಮೂವರೂ ಅವರ ಕಾರಿನಲ್ಲಿ, ನಾವಿದ್ದ ಕ್ಯಾರಲ್ಟನ್‌ನಿಂದ ಹೋಗಿದ್ದೆವು. ನನ್ನ ಹೆಂಡತಿ ಬಂದಿರಲಿಲ್ಲ. ನಾಲ್ಕು ಗಂಟೆ ದಾರಿಯ ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿ ಹತ್ತು ದಿನವಾಗಿತ್ತು. ತಾನು ಪ್ರಾಸ್ಪರಿಗೆ ಬರುವುದಿಲ್ಲ ಎಂದು ಹೇಳಿ ಒಂಬತ್ತು ದಿನ.

ಕ್ಯಾರಲ್ಟನ್ ಹತ್ತಿರದ ಪ್ರಾಸ್ಪರಿನ ಹೊಸ ಬಡಾವಣೆಯಲ್ಲಿ ಒಂದೇ ಬೀದಿಗೆ ನಾಲ್ಕು ಕನ್ನಡದ ಮನೆ ಎಂದು ಎಲ್ಲರನ್ನೂ ಒಪ್ಪಿಸಿದವನು ನಾನು. ಧಾರವಾಡದ ಈ ಗೆಳೆಯ ಕೊನೆಗೆ ಒಪ್ಪಿದವನು. ಗುರುವಾರ ಅಲ್ಲಿನ ನನ್ನ ಮನೆಯ ಖರೀದಿ ಒಪ್ಪಂದವನ್ನು ಸದ್ದಿಲ್ಲದೆ ರದ್ದು ಮಾಡಿದ್ದೆ. ಭಾನುವಾರ ಅವನ ಸೈಟಿನಲ್ಲಿ ಗುದ್ದಲಿ ಪೂಜೆ, ಮಂಗಳವಾರ ಪಾಯಕ್ಕೆ ಕಾಂಕ್ರೀಟು. ಅದು ಬೀಳುವವರೆಗೆ ಅವನೂ ಹಿಂದೆ ಸರಿಯಬಹುದಿತ್ತು. ಇವತ್ತು, ಈ ಶನಿವಾರವೇ ಹೇಳಿಬಿಡಬೇಕು ಎಂದುಕೊಂಡು ಹೊರಟಿದ್ದೆ.

ಫಲಕದ ಕಥೆ ಇಷ್ಟು. ಜರ್ಮನಿಯ ರಾಜಮನೆತನದವನೊಬ್ಬ ಹಡಗುಗಳಲ್ಲಿ ಬಂದ ತನ್ನ ಜನರನ್ನು ಈ ಚಿಲುಮೆಗಳ ಬಳಿ ನೆಲೆಗೊಳಿಸಿದ. ಮದುವೆಯಾಗಬೇಕಿದ್ದವಳ ಹೆಸರಲ್ಲಿ ಕೋಟೆಗೆ ಅಡಿಗಲ್ಲು ಹಾಕಿದ. ಅವಳು ಈ ಕಾಡಿಗೆ ಬರಲು ಒಪ್ಪಲಿಲ್ಲ. ಅವನು ಹೊರಟುಹೋದ, ಜನ ಉಳಿದರು.

"ಮಂದೀನ ಕರಕೊಂಡು ಬಂದು ತಾನ ಹೋಗಿಬಿಟ್ನಲ್ಲಪಾ," ಎಂದು ಗೆಳೆಯ ನಕ್ಕ. "ನಮ್ಮವರು ಹಂಗ ಮಾಡಂಗಿಲ್ಲ ಬಿಡ್ರಿ."

"ಯಾಕ ಮಾಡಂಗಿಲ್ಲ?" ಎಂದಳು ಅವನ ಹೆಂಡತಿ, ನನ್ನ ಕಡೆ ನೋಡದೆ. "ವೈನಿ ಎಲ್ಲಿ ಅಂತಾರೋ ಅಲ್ಲೇ ಅಣ್ಣಾರ ಕೋಟೆ." ವೈನಿ ಎಂದರೆ ಅತ್ತಿಗೆ, ನನ್ನ ಹೆಂಡತಿ; ಅಣ್ಣಾರು ನಾನು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಗೆಳೆಯ, "ನಾಳೆ ಮೊದಲನೇ ಗುದ್ದಲಿ ನೀವ ಹಾಕ್ಬೇಕ್ರಿ. ಓಣಿ ಹುಡುಕಿದವರು ನೀವ," ಎಂದ.

"ನಾನಾ? ಮನೆ ನಿಮ್ಮದು."

"ಹಿರಿಯರಲ್ಲೇನು ನೀವು? ಬರ್ರಿ, ಊಟಾ ಮಾಡೋಣು."

ಊಟ ಮಾಡಿದೆವು.

ಮರುದಿನ ಸೈಟಿನಲ್ಲಿ ಯಂತ್ರ ಆಗಲೇ ಪಾಯ ತೋಡಿ ಹೋಗಿತ್ತು, ಅಗೆಯಲು ಏನೂ ಉಳಿದಿರಲಿಲ್ಲ. ಬಿಲ್ಡರ್ ಕಡೆಯವನು ಅರ್ಧ ಗಂಟೆ ಕೊಟ್ಟಿದ್ದ, ಬೆಂಕಿ ಕೂಡದು ಎಂದಿದ್ದ. ಈಶಾನ್ಯದಲ್ಲಿ ಬೇಲಿಯ ಮೂಲೆಗೆ ಹೋಗಿ, ಅಂಗಡಿಯ ಚೀಟಿ ಇನ್ನೂ ಅಂಟಿದ್ದ ಸಲಿಕೆಗೆ ಕುಂಕುಮ ಹಚ್ಚಿ ನನ್ನ ಕೈಗೆ ಕೊಟ್ಟರು. ಕಪ್ಪು ಜೇಡಿಮಣ್ಣು ಬಿರುಕುಬಿಟ್ಟು ಕಲ್ಲಿನಂತಾಗಿತ್ತು. ಮೂರು ಸಲ ಕಾಲಿನಿಂದ ಒತ್ತಿದೆ. ಗೆಳೆಯ ತಾಮ್ರದ ಚೊಂಬಿನಲ್ಲಿ ನವಧಾನ್ಯ ಹಿಡಿದು ಕಾಯುತ್ತಿದ್ದ.

ಆಗ "ನಾವು ಈ ಬೀದಿಗೆ ಸ್ವಲ್ಪ ತಡವಾಗಿ ಬರ್ತೀವಿ" ಅಂದೆ ಎಂದು ಹಲವು ವರ್ಷ ನಂಬಿಕೊಂಡಿದ್ದೆ. ಈಗ ಅನಿಸುತ್ತದೆ, ಅದನ್ನೂ ಅಂದಿರಲಿಕ್ಕಿಲ್ಲ. ನಿಜ ಹೇಳಿದ್ದು ಬುಧವಾರ, ಫೋನಿನಲ್ಲಿ. ಅವನು "ಹೌದ್ರ್ಯಾ" ಅಂದ. ಸಿಮೆಂಟು ಚಲೋ ಕೂತಿದೆ ಎಂದೂ ಹೇಳಿದ.

ನಮ್ಮಿಬ್ಬರ ಹೆಂಡತಿಯರು ವಾರಕ್ಕೆರಡು ಸಲ ಮಾತಾಡುತ್ತಿದ್ದರು. ಅವನಿಗೆ ಮೊದಲೇ ಗೊತ್ತಿತ್ತೇ, ಗೊತ್ತಿದ್ದೇ ಸಲಿಕೆ ಕೊಟ್ಟನೇ? ನನಗೆ ತಿಳಿಯದು. ಕೇಳಿಲ್ಲ.