ಕ್ಯಾರಲ್ ಅಜ್ಜಿಯ ಕ್ಯಾಸೆಟ್

ದೆವ್ವ, ಭೂತ ಎನ್ನುವವರನ್ನು ಕಂಡರೆ ನಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಸಿಂಗಪುರದಲ್ಲಿ ಎತ್ತ ನೋಡಿದರೂ ಕ್ರೇನುಗಳೇ ಕಾಣುತ್ತಿದ್ದ ವರ್ಷಗಳು ಅವು. ಅಲ್ಲಿನ ಬೂನ್ ಲೇ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಗೆ ಬಂದ ಅಮೆರಿಕದ ಕ್ಯಾರಲ್ ಅಲ್ಲಿ ನನಗಿದ್ದ ಒಬ್ಬಳೇ ಗೆಳತಿ. ಅವಳಿಗೆ ತನ್ನ ವಂಶದ ಮೂಲ ಹುಡುಕುವ ಹುಚ್ಚು. ನೆಬ್ರಾಸ್ಕದ ಹಳ್ಳಿಯಲ್ಲಿ ಹಂದಿ, ಕೋಳಿ ಸಾಕಿಕೊಂಡಿದ್ದ ಅಜ್ಜಿಯ ತನಕ ಎಲ್ಲ ಸಿಕ್ಕಿತ್ತು. ಆ ಅಜ್ಜಿಯ ತಾಯಿ ಯಾರೆಂಬಲ್ಲಿ ದಾರಿ ನಿಂತುಹೋಗಿತ್ತು. ಅಜ್ಜಿ ಬದುಕಿದ್ದಾಗ ಅವಳನ್ನು ಮಾತನಾಡಿಸಿ ರೆಕಾರ್ಡ್ ಮಾಡಿದ್ದ ಹಳೆಯ ಕ್ಯಾಸೆಟ್ಟೊಂದನ್ನು ಕ್ಯಾರಲಳ ಅಣ್ಣ ಕಳಿಸಿಕೊಟ್ಟ. ಟೇಪ್ ರೆಕಾರ್ಡರ್ ಇದ್ದದ್ದು ನಮ್ಮ ಮನೆಯಲ್ಲಿ. ಮೈಸೂರಿನಿಂದ ನಾನೇ ಹೊತ್ತು ತಂದದ್ದು.

ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ಕೇಳಲು ಕುಳಿತೆವು. ಅಜ್ಜಿ ಕೆಮ್ಮುತ್ತ ಕೋಳಿಗಳ ವಿಷಯ, ಹಿಮದ ವಿಷಯ ಹೇಳಿದಳು. ನಿಮ್ಮಮ್ಮನ ಹೆಸರೇನು ಎಂದು ಅಣ್ಣ ಕೇಳಿದ. ಸ್ವಲ್ಪ ಹೊತ್ತು ಬರೀ ಗೊರಗೊರ ಸದ್ದು. ಆಮೇಲೆ ಅದೇ ಮುದಿ ದನಿ ಅಚ್ಚ ಕನ್ನಡದಲ್ಲಿ ಹೇಳಿತು: “ಪುಟ್ಟಿ, ಬಾಗಿಲು ಹಾಕ್ಕೋ.”

ನನ್ನನ್ನು ಪುಟ್ಟಿ ಎನ್ನುತ್ತಿದ್ದವಳು ನಮ್ಮಜ್ಜಿ ಒಬ್ಬಳೇ. ಹಿಟ್ಟಿನ ಗಿರಣಿಗೆ ಹೊರಟಾಗಲೆಲ್ಲ ಹೀಗೇ ಹೇಳುತ್ತಿದ್ದಳು. ಅವಳು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಬಿಳಿಚಿಕೊಂಡ ಕ್ಯಾರಲ್ ನನ್ನ ಮಣಿಕಟ್ಟನ್ನು ಹಿಡಿದ ರಭಸಕ್ಕೆ ಬಳೆಯೊಂದು ಒಡೆಯಿತು. ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆವು. ಆ ಜಾಗದಲ್ಲಿ ಗೊರಗೊರ ಬಿಟ್ಟರೆ ಏನೂ ಇಲ್ಲ.

ಸಂಜೆ ನನ್ನ ಗಂಡನ ಮುಂದೆ ಅವಳು ಏನು ಹೇಳಿದಳು ಗೊತ್ತೇ? ತನಗೇನೂ ಕೇಳಿಸಲಿಲ್ಲವಂತೆ, ಪಾಪ, ನನಗೆ ಊರಿನ ನೆನಪು ಹೆಚ್ಚಾಗಿದೆಯಂತೆ! ಒಡೆದ ಬಳೆ ಇನ್ನೂ ಅಲ್ಲೇ ಮೇಜಿನ ಮೇಲಿತ್ತು.

“ಸ್ಟ್ರೆಸ್ ಆಗಿದೆ ಕಣೇ ನಿಂಗೆ, ರೆಸ್ಟ್ ತಗೋ,” ಎಂದರು ಇವರು.

ಅಷ್ಟಕ್ಕೇ ಮುಗಿಯಲಿಲ್ಲ. ಅವಳು ಕೆಳಗೆ, ಕಟ್ಟಡದ ನೆಲಮಟ್ಟದಲ್ಲಿ ಎಲ್ಲರೂ ಸೇರುವ ವಾಯ್ಡ್ ಡೆಕ್ ಎಂಬ ತೆರೆದ ಜಾಗದಲ್ಲೂ ನಗುನಗುತ್ತ ಹೇಳಿಕೊಂಡು ಬಂದಳು. ನಮ್ಮ ಕನ್ನಡದ ಮಕ್ಕಳೇ ನನ್ನನ್ನು ತಡೆದು, “ಆಂಟಿ, ಗೋಸ್ಟ್ ಏನ್ ಹೇಳ್ತು ಲಾ?” ಎಂದು ಸಿಂಗಪುರದ ಧಾಟಿಯಲ್ಲಿ ಕೇಳಿದವು. ಇದ್ದ ಒಬ್ಬಳೇ ಸಾಕ್ಷಿ ಕೈಕೊಟ್ಟಿದ್ದಳು. ಹೊಟ್ಟೆ ಉರಿದುಹೋಯಿತು. ಆ ದನಿ ಹೇಳಿದ್ದೇನೆಂದು ನಾನು ಯಾರಿಗೂ, ಗಂಡನಿಗೂ ಬಾಯಿಬಿಡಲಿಲ್ಲ.

ನಮ್ಮಜ್ಜಿಯ ಮಾತು ನೆಬ್ರಾಸ್ಕದ ಟೇಪಿನೊಳಗೆ ಹೇಗೆ ಬಂತೆಂದು ನನಗೆ ಇವತ್ತಿಗೂ ತಿಳಿಯದು. ಆದರೆ ಒಂದು ತಿಳಿದಿದೆ.

ಮರುವರ್ಷ ಕ್ಯಾರಲ್ ಅಮೆರಿಕಕ್ಕೆ ವಾಪಸು ಹೊರಟಾಗ ಹೇಳಿಹೋಗಲು ಬಂದಳು. ಹೊಸಿಲಿನಾಚೆ ನಿಂತು, ಆಚೀಚೆ ನೋಡಿ, ಮೆಲ್ಲಗೆ ಕೇಳಿದಳು: “ಬಾಗಿಲ್ ಹ್ಯಾಕೋ... ವಾಟ್ ಡಸ್ ಇಟ್ ಮೀನ್?”

ನಾನು ಅರ್ಥ ಹೇಳಲಿಲ್ಲ. ಬಾಗಿಲು ಹಾಕಿಕೊಂಡೆ.