ಮನೆ ಸಾಲಕ್ಕೆ ಒಡೆದ ಕೋಣೆ

ನನ್ನ ಮೊಮ್ಮಗಳಿಗೆ ಮನೆ ಸಾಲ ಮಂಜೂರಾಯಿತು! ಇವತ್ತು ಬೆಳಿಗ್ಗೆ ಬ್ಯಾಂಕಿನವರೇ ಕರೆದು ಕಾಗದ ಕೊಟ್ಟರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಕಾಗದ ತೆಲುಗಿನಲ್ಲಿತ್ತು. ಆದರೂ ಅವಳ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಮೂರು ಸಲ ಓದಿದೆ. ಬರುವಾಗ ಬಸ್ಸಿನಲ್ಲಿ ಸಂತೋಷ ತಡೆಯಲಾರದೆ ಪಕ್ಕದವನ ಬೆನ್ನಿಗೆ ಗುದ್ದಿಬಿಟ್ಟೆ. ಅವನು ಬೈದ. ಬೈಯಲಿ, ಇವತ್ತು ಎಲ್ಲಾ ಮಾಫಿ.

ನಾನೂ ನನ್ನ ತಮ್ಮನೂ ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಬಂದದ್ದು ಮನೆ ಒಡೆಯುವ ಕೆಲಸಕ್ಕೆ. ಸಾಫ್ಟ್‌ವೇರ್ ಕಂಪನಿಗಳು ಬಂದ ಮೇಲೆ ಗಾಜಿನ ಕಟ್ಟಡಗಳಿಗೆ ಜಾಗ ಬೇಕಾಯಿತು, ಹಳೆಯ ಮನೆಗಳು ಸಾಲಾಗಿ ನೆಲಕ್ಕುರುಳಿದವು. ಒಂದು ಏಟು ನನ್ನದು, ಮರು ಏಟು ಅವನದು. ಹಾಗೆ ಎಷ್ಟು ಗೋಡೆ ಕೆಡವಿದೆವೋ! ಒಮ್ಮೆ ಕುಸಿದ ಸ್ಲ್ಯಾಬು ಜೊತೆಗಾರನೊಬ್ಬನ ಕಾಲನ್ನು ನಮ್ಮ ಕಣ್ಣೆದುರೇ ನುಜ್ಜುಗುಜ್ಜು ಮಾಡಿತು. ಅವನ ಕೂಗು ಈಗಲೂ ಕಿವಿಯಲ್ಲಿದೆ.

ನಗರದಿಂದ ಎರಡು ತಾಸಿನ ದಾರಿಯ ಒಂದು ಬಡ ಹಳ್ಳಿಯಲ್ಲಿ ನಮಗೊಂದು ಜಾಗ ಸಿಕ್ಕಿತ್ತು. ಒಡೆದ ಮನೆಗಳಿಂದ ಸಿಕ್ಕ ಸರಳು, ಕಿಟಕಿ, ಒಂದು ಸಾಗವಾನಿ ಬಾಗಿಲು ಹೊತ್ತೊಯ್ದು, ಭಾನುವಾರಗಳಲ್ಲಿ ಇಬ್ಬರೂ ಸೇರಿ ಅಲ್ಲೊಂದು ಕೋಣೆ ಕಟ್ಟಿದೆವು. ಒಂಟಿಜೀವಿ ತಮ್ಮ ಅಲ್ಲೇ ಉಳಿದ, ನಾನು ಮಗ, ಸೊಸೆ, ಮೊಮ್ಮಗಳೊಡನೆ ನಗರದಲ್ಲೇ ಇದ್ದೆ. ಜಾಗದ ಪಟ್ಟಾ ಮಾತ್ರ ಮೊಮ್ಮಗಳ ಹೆಸರಿಗೆ ಮಾಡಿಸಿದೆ.

ಅವಳು ಜೀಡಿಮೆಟ್ಲಾದ ಮಾತ್ರೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ಹಳ್ಳಿಯಲ್ಲಿ ಮನೆ ಕಟ್ಟುವ ಬಡವರಿಗೆ ಸರ್ಕಾರವೇ ಜಾಮೀನು ನಿಂತು ಸಾಲ ಕೊಡಿಸುತ್ತದೆ ಎಂದು ಕೇಳಿ ಅರ್ಜಿ ಹಾಕಿದಳು. ಜಾಗ ಹೆಂಗಸಿನ ಹೆಸರಲ್ಲಿರಬೇಕು, ಇತ್ತು. ತಿಂಗಳ ಪಗಾರದ ಚೀಟಿ ಬೇಕು, ಇತ್ತು. ಪಕ್ಕಾ ಮನೆ ಇರಬಾರದು. ಅಲ್ಲೇ ಎಡವಿದೆವು.

ತಪಾಸಣೆಗೆ ಬಂದ ಸಾಹೇಬ ನಮ್ಮ ಬಾಗಿಲು ತಟ್ಟಿ ನೋಡಿ ನಕ್ಕು ತೆಲುಗಿನಲ್ಲಿ ಹೇಳಿದ. "ಇಂಥ ಬಾಗಿಲು ನನ್ನ ಮನೆಗೂ ಇಲ್ಲ ತಾತಾ. ಮೇಲೆ ಸ್ಲ್ಯಾಬ್ ಬೇರೆ. ಇದಿರುವವರೆಗೆ ನಿಮಗೆ ಮನೆ ಇದ್ದಂತೆಯೇ."

"ಸೋರುತ್ತದೆ ಸಾಹೇಬರೇ, ಇಬ್ಬರು ಕಾಲು ಚಾಚಿದರೆ ತುಂಬಿತು. ಒಡೆದರೆ?"

"ಒಡೆದ ಮೇಲೆ ಕರೆಯಿರಿ, ಮತ್ತೆ ಬಂದು ನೋಡುತ್ತೇನೆ."

ಮುಂದಿನ ಭಾನುವಾರ ಮೊಮ್ಮಗಳೊಡನೆ ಹೋದೆ, ಹೆಗಲ ಮೇಲೆ ದೊಡ್ಡ ಸುತ್ತಿಗೆ. ತಮ್ಮ ಬಾಗಿಲಿಗೆ ಅಡ್ಡ ನಿಂತ.

"ಹುಚ್ಚ ಹಿಡದೈತೇನಣ್ಣಾ? ಮಂದಿ ಮನಿ ಒಡದದ್ದು ಸಾಲಲಿಲ್ಲೇನು?"

"ಸರಿ ಆ ಕಡಿ. ಹುಡುಗಿ ಜಾಗಾ ಇದು."

"ಕಾಗದದಾಗ ಆಕಿದು. ಗ್ವಾಡಿಯೊಳಗ ನನ್ನ ಬೆವರ ಐತಿ. ನಾ ಎಲ್ಲಿ ಬೀಳಲಿ?"

ನಾನು ಗೋಡೆಗೆ ಬಾರಿಸಿದೆ. ಅವನು ಮೂಲೆಯ ಬಡಿಗೆ ಎತ್ತಿ ನನ್ನ ಹಣೆಗೆ ಬಿಟ್ಟ. ಕಣ್ಣಿಗೆ ರಕ್ತ ಇಳಿಯಿತು. ಕಣ್ಣು ಕಾಣದೆಯೇ ಬೀಸಿದ ನನ್ನ ಮುಷ್ಟಿ ಅವನ ಬಾಯಿಗೆ ಬಿತ್ತು, ಎರಡು ಹಲ್ಲು ಹೊಸ್ತಿಲ ಮೇಲೆ ಉದುರಿದವು. ಇಬ್ಬರು ಮುದುಕರು ಮಣ್ಣಲ್ಲಿ ಉರುಳಾಡಿ ಒಬ್ಬರ ಕುತ್ತಿಗೆ ಒಬ್ಬರು ಹಿಚುಕಿದೆವು. ಆ ಹೊತ್ತು ಅವನನ್ನು ಕೊಂದೇಬಿಡುತ್ತಿದ್ದೆನೇನೋ.

ಮೊಮ್ಮಗಳು ಇಡೀ ಕೊಡದ ನೀರನ್ನು ನಮ್ಮ ಮೇಲೆ ಸುರಿದಳು.

"ಹೊಡದಾಡ್ರಿ, ಚಂದಾಗಿ ಹೊಡದಾಡ್ರಿ! ಇಬ್ಬರೂ ಸತ್ತರ ಯಾರಿಗೆ ಕಟ್ಟಲಿ ಮನಿ?" ರವಿಕೆಯೊಳಗಿಂದ ಹೊಸ ಮನೆಯ ನಕ್ಷೆ ತೆಗೆದು ತಮ್ಮನ ಮೂಗಿಗೆ ಹಿಡಿದಳು. "ಇಲ್ಲಿ ನೋಡು ಸಣ್ಣ ಮುತ್ಯಾ. ರೋಡಿನ ಬಾಜೂಕ ಇರೋ ಖೋಲಿ ನಿಂದು. ಅರ್ಜಿ ಹಾಕೂ ಮೊದಲ ಬರಸೀನಿ."

ತಮ್ಮ ರಕ್ತ ಉಗುಳಿ ನಕ್ಷೆಯನ್ನೇ ನೋಡಿದ. "ಖರೇನ?"

"ಖರೇನ. ಮುತ್ಯಾ ನಿನಗ ಹೇಳಿಲ್ಲೇನು?"

ನಾನು ಹೇಳಿರಲಿಲ್ಲ. ಹೇಳಬೇಕೆಂದು ನನಗೆ ತೋಚಿಯೇ ಇರಲಿಲ್ಲ.

ಅವನು ಒಳಗೆ ಹೋಗಿ ತನ್ನ ಸುತ್ತಿಗೆ ತಂದ. "ಹಂಗ ಹೊಡದರ ಸ್ಲ್ಯಾಬ್ ನಿನ್ನ ತಲಿ ಮ್ಯಾಲ ಬೀಳತೈತಿ. ಮೊದಲ ಬಾಗಲಾ ಬಿಚ್ಚು, ಹೊಸ ಮನಿಗೆ ಬೇಕು."

ಒಂದು ಏಟು ನನ್ನದು, ಮರು ಏಟು ಅವನದು. ಹೊತ್ತು ಮುಳುಗುವ ಮುಂಚೆ ಸ್ಲ್ಯಾಬು ಗುಡುಗಿದಂತೆ ಬಿತ್ತು. ಮಂದಿಯ ಮನೆ ಬಿದ್ದಾಗ ಎದೆ ಹಾಗೆ ನಡುಗಿರಲಿಲ್ಲ. ಅಂದಿನಿಂದ ತಮ್ಮ ಸನತ್‌ನಗರದ ನಮ್ಮ ಬಾಡಿಗೆ ಮನೆಯಲ್ಲೇ ಇದ್ದಾನೆ. ಮತ್ತೆ ಬಂದ ಸಾಹೇಬ ಅವಶೇಷದ ರಾಶಿ ನೋಡಿದ, ನನ್ನ ಹಣೆಯ ಪಟ್ಟಿ ನೋಡಿದ, ಬರೆದುಕೊಂಡು ಹೋದ.

ಈ ಸಂಜೆ ಸೊಸೆ ಜೋಳದ ರೊಟ್ಟಿ ಬಡಿದಳು, ಜೊತೆಗೆ ಬದನೆಯ ಎಣಗಾಯಿ, ಬೇಳೆ. ಮಗ ಕೆಲಸದಿಂದ ಬರುವಾಗ ಜಿಲೇಬಿ ತಂದ. ಐವರೂ ಸುತ್ತ ಕುಳಿತೆವು. ತಮ್ಮನ ರೊಟ್ಟಿಯನ್ನು ಮೊಮ್ಮಗಳು ಬೇಳೆಯಲ್ಲಿ ನೆನೆಸಿ ಕೊಟ್ಟಳು.

"ನನ್ನ ಹಲ್ಲ ಕೊಡಣ್ಣಾ, ನಾನೂ ಕಟಿ ರೊಟ್ಟಿ ಕಟಂ ಅಂತ ಕಡದ ತಿಂತೀನಿ."

"ಮೊದಲ ನನ್ನ ಹಣಿ ಕೊಡು."

ಮೊಮ್ಮಗಳು ಇಬ್ಬರ ಬಾಯಿಗೂ ಒಂದೊಂದು ಜಿಲೇಬಿ ತುರುಕಿದಳು. ಎಲ್ಲರೂ ಉಣ್ಣತೊಡಗಿದೆವು.