ಪಟದ ಕೆಳಗಿನ ಕಪ್ಪು ಪಟ್ಟಿ

ತುಟಿಗಳ ನಡುವೆ ಐದಾರು ಸಣ್ಣ ಮೊಳೆ ಕಚ್ಚಿಕೊಂಡೇ ಅವರು ಮಾತಾಡುತ್ತಿದ್ದರು. ಶಿಕಾರಿಪುರದಲ್ಲಿ ಪಟಗಳಿಗೆ ಕಟ್ಟು ಹಾಕುವ ಸಾಬರು. ಮುಖ್ಯವಾದ ಮಾತಿದ್ದರೆ ಮಾತ್ರ ಮೊಳೆಗಳನ್ನು ಅಂಗೈಗೆ ಉಗುಳುತ್ತಿದ್ದರು. ನನ್ನ ಮುಂದೆ ಹಾಗೆ ಉಗುಳಿದ್ದು ಎರಡೇ ಸಲ.

ಮೊದಲನೆಯದು, ಅವರ ಗೋಡೆಗೆ ಒರಗಿಸಿದ್ದ ಹಳೆಯ ಅಚ್ಚಿನ ಪಟವೊಂದನ್ನು ನಾನು ನೋಡಿದ ದಿನ. ಬಣ್ಣವಿಲ್ಲ, ಬರೀ ಎಳೆಎಳೆ ಗೆರೆ. ಮೈತುಂಬ ಕೂದಲು ಹರಡಿಕೊಂಡ ಹೆಂಗಸು ಮೇಲೆ ನೋಡುತ್ತ ಅಳುತ್ತಿದ್ದಳು. ಕೆಳಗಿನ ಭಾಗಕ್ಕೆ ಬೇರೆ ಪಟಗಳು ಅಡ್ಡವಿದ್ದವು. ನಾನು ಉಡುತಡಿಯವಳು. ಗಂಡನ ಅರಮನೆ ಬಿಟ್ಟು ಕೂದಲನ್ನೇ ಹೊದ್ದು ಹೋದ ನಮ್ಮೂರ ಅಕ್ಕನೇ ಇವಳು ಅಂದೆ. ಸಾಬರು ಮೊಳೆ ಉಗುಳಿ ಏನೋ ಹೇಳಹೊರಟರು. ನಮ್ಮೂರವಳನ್ನು ನನಗೇ ಗುರುತು ಹೇಳಬೇಡಿ, ಕಟ್ಟು ಹಾಕಿ ಅಂದೆ.

ಕಾಯುತ್ತ ಕೂತವಳು ಬಾಯಿ ಸುಮ್ಮನಿರದೆ ನನ್ನ ಹೆಚ್ಚುಗಾರಿಕೆ ಹೇಳಿಕೊಂಡೆ. ಗಂಡ ಹೊಡೆಯುತ್ತಾನೆಂದು ಹೊಸಬಾಳೆಯಿಂದ ಓಡಿ ಬಂದ ತಂಗಿಯನ್ನು ಹೊಸಿಲು ದಾಟಲು ಬಿಡದೆ, ಹೋಗು ಅಂದು ವಾಪಸ್ಸು ಸೊರಬದ ಬಸ್ಸು ಹತ್ತಿಸಿದ್ದೆ. ಸಾಬರು ಹೊಡೆಯುತ್ತಿದ್ದ ಮೊಳೆ ಸೊಟ್ಟಗಾಯಿತು, ಕಿತ್ತು ಬೇರೆ ಹೊಡೆದರು. ತುದಿ ಗೆದ್ದಲು ತಿಂದಿದೆಯೆಂದು ಪಟದ ಕೆಳಗೆ ಅಗಲವಾದ ಕಪ್ಪು ಪಟ್ಟಿ ಅಂಟಿಸಿ ಕೊಟ್ಟರು.

ಎಷ್ಟೋ ವರ್ಷ ಅದಕ್ಕೆ ದೀಪ ಹಚ್ಚಿದೆ. ಹೋದ ವರ್ಷ ಬಿದ್ದು ಗಾಜು ಒಡೆಯಿತು, ಪಟ್ಟಿ ಕಿತ್ತು ಬಂತು. ಗೆದ್ದಲು ಎಲ್ಲಿಯದು? ಹೆಂಗಸಿನ ಮೊಣಕಾಲ ಹತ್ತಿರ ಒಂದು ತಲೆಬುರುಡೆ, ಒಂದು ಶಿಲುಬೆ.

ಚೀಲಕ್ಕೆ ತುರುಕಿಕೊಂಡು ಹೋಗಿ ಅಂಗಡಿ ಮುಂದೆ ನಿಂತು ಬೈದೆ. ಸಾಬರು ಮೊಳೆಗಳನ್ನು ಉಗುಳಿದರು.

“ಅವತ್ತೇ ಹೇಳಕ್ಕೆ ಬಂದೆ, ನೀವೆಲ್ಲಿ ಬಿಟ್ರಿ? ಈಯಮ್ಮ ಕ್ರಿಸ್ತರೋಳು. ತಪ್ಪು ಮಾಡಿ, ಆಮೇಲೆ ಕೂತು ಅತ್ತಳಂತೆ. ಬುರುಡೆ ಕಂಡ್ರೆ ನೀವು ಮನೆಗೆ ಒಯ್ಯಲ್ಲ ಅಂತ ಮುಚ್ಚಿದೆ. ಈ ಪಟ ನಿಮ್ಮನೇಲಿ ಇರಬೇಕು ಅನ್ನಿಸ್ತು.”

“ಮೋಸ ಅಲ್ವೇನ್ರೀ ಇದು?”

“ಹೌದು, ಮೋಸನೇ.” ಹೊಸ ಗಾಜು ಒರೆಸುತ್ತ ಕೇಳಿದರು: “ತಂಗಿ ಆಮೇಲೆ ಬಂದಿದ್ರೇನಮ್ಮಾ?”

ನಾನು ಖಾಲಿ ಚೀಲ ಮಡಚಿದೆ, ಬಿಚ್ಚಿ ಮತ್ತೆ ಮಡಚಿದೆ. ಪಟ್ಟಿ ಹಾಕಲೋ ಬಿಡಲೋ ಎಂದರು. ಬಿಡಿ ಅಂದೆ.

ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಸೊರಬದ ಬಸ್ಸು ಹತ್ತಿ ಎರಡು ಸಲ ನಡುದಾರಿಯಲ್ಲೇ ಇಳಿದೆ. ಮೂರನೇ ಸಲ ಹೊಸಬಾಳೆ ಮುಟ್ಟಿದೆ. ಬಾಗಿಲಿಗೆ ಬಂದ ತಂಗಿಯೂ ನನ್ನ ಹಾಗೆ ಹಲ್ಲು ಹೋದ ಮುದುಕಿ. ಬಾ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. ನಾನು ಅಂದಿದ್ದೆ.

ಸಾಬರಿಗೆ ಹೇಳೋಣವೆಂದು ಹೋದರೆ ಅಂಗಡಿಗೆ ಬೀಗ. ತೀರಿಕೊಂಡು ಹದಿನೈದು ದಿನವಾಯಿತೆಂದು ಪಕ್ಕದ ದರ್ಜಿ ಹೇಳಿದ. ಮೆಟ್ಟಿಲ ಮೇಲೆ ಕೂತೆ, ಎದ್ದೆ, ಮತ್ತೆ ಕೂತೆ. ಅಲ್ಲಿಂದಲೇ ಇನ್ನೊಮ್ಮೆ ಸೊರಬದ ಬಸ್ಸು ಹತ್ತಿದೆ.